ಗ್ರಂಥಪಾಲಕರಿಗೆ ಇನ್ನೊಂದು ಪ್ರಮಾಣಪತ್ರ ಬೇಡ, ವಾರಕ್ಕೆರಡು ಪೀರಿಯಡ್ ಕೊಡಿ

ಶಾಲೆಗಳ ಆಡಳಿತ ಮಂಡಳಿಗಳಿಗೆ, ಮುಖ್ಯೋಪಾಧ್ಯಾಯರಿಗೆ ಮತ್ತು ತರಬೇತಿಗಳನ್ನು ಯೋಜಿಸುವ ಶಿಕ್ಷಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಶಾಲಾ ಗ್ರಂಥಪಾಲಕರಿಗೆ ಡಿಜಿಟಲ್ ಸಾಧನಗಳನ್ನು ಕಲಿಸಬೇಕೆಂದು ಹೊರಟಾಗ ಸಾಮಾನ್ಯವಾಗಿ ಆಗುವುದು ಇಷ್ಟೇ. ಒಂದು ದಿನದ ಕಾರ್ಯಾಗಾರ ಏರ್ಪಡುತ್ತದೆ. ಬೆಳಗ್ಗೆಯಿಂದ ಸಂಜೆಯೊಳಗೆ ಹದಿನೈದಿಪ್ಪತ್ತು ಆ್ಯಪ್‌ಗಳ ಪರಿಚಯ ಮುಗಿಯುತ್ತದೆ, ಕೊನೆಗೊಂದು ಪ್ರಮಾಣಪತ್ರ ಕೈಗೆ ಬರುತ್ತದೆ. ಮರುದಿನ ಅದೇ ಗ್ರಂಥಪಾಲಕರನ್ನು ರಜೆಯಲ್ಲಿರುವ ಶಿಕ್ಷಕರೊಬ್ಬರ ತರಗತಿ ನೋಡಿಕೊಳ್ಳಲು ಕಳಿಸಲಾಗುತ್ತದೆ. ಕಲಿತದ್ದನ್ನು ಒಮ್ಮೆಯೂ ಮಕ್ಕಳ ಮುಂದೆ ಇಡುವ ಅವಕಾಶ ಸಿಗದೆ ತಿಂಗಳು ಕಳೆದುಹೋಗುತ್ತದೆ.

ನಾವು ಹೇಳಬೇಕೆಂದಿರುವ ಮಾತು ಒಂದೇ. ಗ್ರಂಥಪಾಲಕರಿಗೆ ಒಂದು ಸಾಧನ ಕೈಹಿಡಿಯುವುದು ಮಕ್ಕಳ ಜೊತೆ, ಮಕ್ಕಳದ್ದೇ ಒಂದು ಪ್ರಶ್ನೆ ಹಿಡಿದು, ವಾರವಾರ ಅದನ್ನು ಬಳಸಿದಾಗ ಮಾತ್ರ. ಅದಕ್ಕೆ ಬೇಕಾದದ್ದು ವೇಳಾಪಟ್ಟಿಯಲ್ಲಿ ಜಾಗ, ಯಂತ್ರದ ಪಾಸ್‌ವರ್ಡ್, ಜೊತೆಗೆ ಕೂತು ಪಾಠ ಯೋಜಿಸುವ ಒಬ್ಬ ವಿಷಯ ಶಿಕ್ಷಕರು. ಈ ಮೂರೂ ನಿಮ್ಮ ಕೈಯಲ್ಲಿವೆ. ಕೆಲಸದ ಒಳಗೆ ಏನೇನಿದೆ, ಎಲ್ಲಿ ಕೈಕೊಡುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ನೀವು ಹತ್ತಿರದಿಂದ ನೋಡಿದರೆ ಈ ಬೇಡಿಕೆ ಏಕೆಂದು ತಿಳಿಯುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಎಲ್ಲಕ್ಕೂ ಮೊದಲು ಬರುವುದು ಕ್ಯಾಟಲಾಗ್. ತಮ್ಮ ಕಪಾಟಿನಲ್ಲಿ ಏನಿದೆ ಎಂದು ಹುಡುಕಿ ತೆಗೆಯಲಾಗದ ಗ್ರಂಥಾಲಯಕ್ಕೆ ಟ್ಯಾಬ್ಲೆಟ್‌ಗಳು ಬಂದರೆ ಮಕ್ಕಳು ಪುಸ್ತಕದಿಂದ ಇನ್ನಷ್ಟು ದೂರವಾಗುತ್ತಾರೆ. ಗ್ರಂಥಾಲಯ ನಿರ್ವಹಣೆಗೆಂದೇ ಇರುವ ಕೋಹಾ ಎಂಬ ಮುಕ್ತ ತಂತ್ರಾಂಶವನ್ನು ನೀವು ಕೇಳಿರಬಹುದು. ಅದು 1999ರಲ್ಲಿ ನ್ಯೂಜಿಲೆಂಡ್‌ನ ಒಂದು ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗಾಗಿ ರೂಪುಗೊಂಡು 2000ದ ಜನವರಿಯಲ್ಲಿ ಬಳಕೆಗೆ ಬಂತು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಪರವಾನಗಿ ಶುಲ್ಕ ಇಲ್ಲ ನಿಜ, ಆದರೆ ಅದನ್ನು ಒಂದು ಸರ್ವರ್‌ನಲ್ಲಿ ಕೂರಿಸಿ, ಕಾಲಕಾಲಕ್ಕೆ ನವೀಕರಿಸಿ, ನೋಡಿಕೊಳ್ಳುವವರು ಬೇಕು. ಅಂಥವರಿಲ್ಲದ ಸಣ್ಣ ಶಾಲೆ ಅಚ್ಚುಕಟ್ಟಾದ ಒಂದು ಸ್ಪ್ರೆಡ್‌ಶೀಟ್‌ನಿಂದ ಶುರುಮಾಡುವುದೇ ಒಳ್ಳೆಯದು. ಅರ್ಧಕ್ಕೆ ನಿಂತ ಕೋಹಾಕ್ಕಿಂತ ಪೂರ್ತಿಯಾದ ಸ್ಪ್ರೆಡ್‌ಶೀಟ್ ಮೇಲು. ಕಾಲಂಗಳನ್ನು ಸರಿಯಾಗಿ ಹಾಕಿಟ್ಟರೆ ಮುಂದೆ ಅದನ್ನೇ ಕೋಹಾಕ್ಕೆ ಸಾಗಿಸಬಹುದು. ದಾಖಲೆ ಸಂಖ್ಯೆ, ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ), ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ, ವರ್ಗ ಸಂಖ್ಯೆ, ವಿಷಯ ಪದಗಳು, ಭಾಷೆ, ಕಪಾಟು, ಹೀಗೆ ಪ್ರತಿಯೊಂದಕ್ಕೂ ಒಂದೊಂದು ಕಾಲಂ. ಒಂದೇ ಪುಸ್ತಕದ ಐದು ಪ್ರತಿಗಳಿದ್ದರೆ ಐದು ಸಾಲು. ‘ಪ್ರತಿಗಳು: 5’ ಎಂದು ಒಂದೇ ಸಾಲಿನಲ್ಲಿ ಬರೆದಿಟ್ಟರೆ, ಯಾವ ಪ್ರತಿ ಯಾವ ಮಗುವಿನ ಬಳಿ ಇದೆಯೆಂದು ಹೇಳಲು ಆಗುವುದೇ ಇಲ್ಲ.

ದಾಖಲಿಸುವ ಮುನ್ನ ಕಪಾಟು ಬಿಡಿಸಬೇಕು. ಹುಳು ತಿಂದದ್ದು, ಪುಟ ಹರಿದದ್ದು, ಮಾಹಿತಿ ಹಳತಾದದ್ದು ಮೊದಲೇ ಹೊರಗೆ ಹೋಗಬೇಕು. ಬಿಸಾಡಲಿರುವ ಪುಸ್ತಕಕ್ಕೆ ಬಾರ್‌ಕೋಡ್ ಅಂಟಿಸಿ ದಣಿಯುವುದನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ. ಆಮೇಲೆ ಸಮಯದ ಲೆಕ್ಕ. ಒಂದು ಪುಸ್ತಕಕ್ಕೆ ಐದು ನಿಮಿಷ ಎಂದಿಟ್ಟುಕೊಂಡರೂ 3,000 ಪುಸ್ತಕಕ್ಕೆ 250 ಗಂಟೆ. ದಿನಕ್ಕೆ ಎರಡು ಗಂಟೆ ಬಿಡುವು ಕೊಟ್ಟರೆ 125 ಕೆಲಸದ ದಿನ. ‘ಮುಂದಿನ ತಿಂಗಳೊಳಗೆ ಗಣಕೀಕರಣ ಮುಗಿಸಿ’ ಎಂಬ ಸುತ್ತೋಲೆ ಬಂದಾಗ ಶೀರ್ಷಿಕೆ ಮಾತ್ರ ತುಂಬಿದ, ವಿಷಯ ಪದಗಳೇ ಇಲ್ಲದ ದಾಖಲೆಗಳು ಹುಟ್ಟುವುದು ಈ ಲೆಕ್ಕ ಹಾಕದೆ ಇರುವುದರಿಂದ. ಅಂಥ ಕ್ಯಾಟಲಾಗ್‌ನಲ್ಲಿ ಮಗು ‘ಜೇಡ’ ಎಂದು ಹುಡುಕಿದರೆ, ಜೇಡದ ಮೇಲೆ ಇಡೀ ಅಧ್ಯಾಯವಿರುವ ಕೀಟಲೋಕದ ಪುಸ್ತಕ ಸಿಗುವುದೇ ಇಲ್ಲ.

ಸಣ್ಣ ಸಣ್ಣ ತೊಡಕುಗಳೇ ಇಲ್ಲಿ ಹೆಚ್ಚು ಕಾಡುವುದು. 13 ಅಂಕಿಯ ಐಎಸ್‌ಬಿಎನ್ ಅನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿದ ಕೂಡಲೇ ಅದು 9.78ಇ+12 ಎಂಬಂಥ ರೂಪಕ್ಕೆ ತಿರುಗಬಹುದು. ‘00045’ ಎಂಬ ದಾಖಲೆ ಸಂಖ್ಯೆ ಬರೀ ‘45’ ಆಗಿಬಿಡುತ್ತದೆ. ಸಂಖ್ಯೆ ತುಂಬುವ ಮೊದಲೇ ಆ ಕಾಲಂ ಅನ್ನು ‘ಪಠ್ಯ’ ಎಂದು ಗುರುತಿಸಿಟ್ಟರೆ ಈ ಎರಡು ತೊಂದರೆಗಳೂ ಬರುವುದಿಲ್ಲ. ಆಮೇಲೆ ಬದಲಿಸಿದರೆ ಹೋದ ಸೊನ್ನೆ ವಾಪಸ್ ಬರುವುದಿಲ್ಲ. ಬಾರ್‌ಕೋಡ್ ಸ್ಕ್ಯಾನರ್ ಕಂಪ್ಯೂಟರಿನ ಕಣ್ಣಿಗೆ ಒಂದು ಕೀಬೋರ್ಡ್ ಇದ್ದಂತೆ. ಕನ್ನಡ ಕೀಲಿಮಣೆ ಆನ್ ಆಗಿರುವಾಗ, ಇಂಗ್ಲಿಷ್ ಅಕ್ಷರ ಸೇರಿದ ಬಾರ್‌ಕೋಡ್ ಓದಿಸಿದರೆ ಪರದೆಯ ಮೇಲೆ ಏನೋ ಕನ್ನಡ ಅಕ್ಷರ ಬೀಳುತ್ತದೆ. ಗ್ರಂಥಪಾಲಕರು ಸ್ಕ್ಯಾನರ್ ಕೆಟ್ಟಿದೆ ಎಂದು ಮೂಲೆಗಿಡುತ್ತಾರೆ. ಇನ್ನು ಬಹುತೇಕ ಸ್ಕ್ಯಾನರ್‌ಗಳು ಸಂಖ್ಯೆಯ ಬೆನ್ನಿಗೇ ಎಂಟರ್ ಒತ್ತುತ್ತವೆ, ಅರ್ಧ ತುಂಬಿದ ಫಾರಂ ಸೇವ್ ಆಗಿಬಿಡುತ್ತದೆ. ಸ್ಕ್ಯಾನರ್ ಜೊತೆ ಬರುವ ಕೈಪಿಡಿಯಲ್ಲಿ ಈ ಎಂಟರ್ ತೆಗೆದುಹಾಕುವ ಒಂದು ಬಾರ್‌ಕೋಡ್ ಇರುತ್ತದೆ, ಅದನ್ನು ಒಮ್ಮೆ ಓದಿಸಿದರೆ ಸಾಕು. ಬಾರ್‌ಕೋಡ್ ಚೀಟಿಗಳ ವಿಷಯಕ್ಕೆ ಬಂದರೆ, ಥರ್ಮಲ್ ಕಾಗದದ ಮುದ್ರಣ ಬೆಳಕಿಗೂ ಬಿಸಿಗೂ ಮಾಸುತ್ತದೆ. ಲೇಸರ್ ಪ್ರಿಂಟರ್‌ನಲ್ಲಿ ಮುದ್ರಿಸಿ ಮೇಲೆ ಪಾರದರ್ಶಕ ಟೇಪ್ ಹಚ್ಚಿದ ಚೀಟಿ ವರ್ಷಗಟ್ಟಲೆ ಬಾಳುತ್ತದೆ. 3,000 ಚೀಟಿ ಮುದ್ರಿಸುವ ಮೊದಲು 20 ಪುಸ್ತಕಕ್ಕೆ ಅಂಟಿಸಿ, ಓದಿಸಿ, ಎರವಲು ಕೊಟ್ಟು, ವಾಪಸ್ ಪಡೆದು ನೋಡಬೇಕು.

ಈ ಕೆಲಸಕ್ಕೆ ಮಕ್ಕಳನ್ನೂ ಸೇರಿಸಿಕೊಳ್ಳಬಹುದು, ದುಡಿಸಿಕೊಳ್ಳುವುದಕ್ಕಲ್ಲ, ಕಲಿಸುವುದಕ್ಕೆ. ಐಎಸ್‌ಬಿಎನ್‌ನ ಕೊನೆಯ ಅಂಕಿ ಒಂದು ಸೊಗಸಾದ ಗಣಿತ ಪಾಠ. 9780306406157 ಎಂಬ ಸಂಖ್ಯೆ ತೆಗೆದುಕೊಳ್ಳಿ. ಮೊದಲ 12 ಅಂಕಿಗಳನ್ನು ಸರದಿಯಂತೆ 1, 3, 1, 3 ಎಂದು ಗುಣಿಸಿ ಕೂಡಿದರೆ 93 ಬರುತ್ತದೆ. ಮುಂದಿನ ಹತ್ತರ ಗುಣಕ 100, ವ್ಯತ್ಯಾಸ 7. ಅದೇ ಕೊನೆಯ ಅಂಕಿ. ಯಾವುದೇ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡಿಬರುವುದಿಲ್ಲ. ಆದರೆ ಈ ಸಂಖ್ಯೆಯಲ್ಲಿರುವ 6 ಮತ್ತು 1 ಅನ್ನು ಅದಲುಬದಲು ಮಾಡಿ 9780306401657 ಎಂದು ಬರೆದು ನೋಡಲು ಹೇಳಿ. ಮೊತ್ತ 83 ಆಗುತ್ತದೆ, ಕೊನೆಯ ಅಂಕಿ ಮಾತ್ರ ಮತ್ತೆ 7! ಅಕ್ಕಪಕ್ಕದ ಎರಡು ಅಂಕಿಗಳ ನಡುವೆ 5ರ ಅಂತರವಿದ್ದರೆ ಆ ಅದಲುಬದಲು ಈ ಜಾಲರಿಯಲ್ಲಿ ಸಿಕ್ಕಿಬೀಳುವುದಿಲ್ಲ. ಯಂತ್ರ ‘ಸರಿ’ ಎಂದದ್ದೆಲ್ಲ ಸರಿಯಲ್ಲ ಎಂದು ಮಕ್ಕಳಿಗೆ ಪೆನ್ಸಿಲಿನಲ್ಲೇ ಮನವರಿಕೆ ಆಗುವ ಗಳಿಗೆ ಅದು. ಮುಂದೆ ಇದೇ ಪಾಠ ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ.

ಈಗ ಕನ್ನಡದಲ್ಲಿ ಹುಡುಕುವ ವಿಷಯ. ತರಬೇತಿಗಳಲ್ಲಿ ಇದರ ಮಾತೇ ಬರುವುದಿಲ್ಲ, ಕನ್ನಡ ಪುಸ್ತಕಗಳಿರುವ ಗ್ರಂಥಾಲಯಕ್ಕೆ ಇದಕ್ಕಿಂತ ಮುಖ್ಯವಾದದ್ದೂ ಇಲ್ಲ. ಹಳೆಯ ಪಟ್ಟಿಗಳನ್ನು, ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್‌ಗೂ ಮುಂಚಿನ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದರೆ, ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಹುಡುಕಿದರೆ ಸಿಗದು, ಬೇರೆ ಯಂತ್ರದಲ್ಲಿ ತೆರೆದರೆ ಓದಲಾಗದು. ಪರಿವರ್ತಕಗಳಿಂದ ಯೂನಿಕೋಡ್‌ಗೆ ತರಬಹುದು, ಆದರೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಕಣ್ಣಾರೆ ನೋಡಿ ತಿದ್ದಲೇಬೇಕು. ಯೂನಿಕೋಡ್‌ನಲ್ಲೇ ಇದ್ದರೂ ಮೂರು ತೊಡಕುಗಳು ಉಳಿಯುತ್ತವೆ. ‘ಸಾಫ್ಟ್‌ವೇರ್’ ಎಂಬಂಥ ಪದದ ನಡುವೆ ಕಣ್ಣಿಗೆ ಕಾಣದ ಒಂದು ವಿಭಜಕ ಅಕ್ಷರ ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಯಂತ್ರಕ್ಕೆ ಅವು ಎರಡು ಬೇರೆ ಪದಗಳು. ‘೧೨’ ಮತ್ತು ‘12’ ಕೂಡ ಹಾಗೆಯೇ.

ಮೂರನೆಯದು ನಮ್ಮ ವಿಭಕ್ತಿಗಳದ್ದು. ‘ಮರ’ ಎಂದು ಹುಡುಕಿದರೆ ‘ಮರಗಳು’ ಕೂಡ ಸಿಗಲೆಂದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ‘ಮರ*’ ಎಂದು ಹುಡುಕುವುದನ್ನು ಕಲಿಸುತ್ತೇವೆ. ಆದರೆ ‘ಕಾಡು*’ ಎಂದು ಹುಡುಕಿದರೆ ‘ಕಾಡಿನ ಕಥೆಗಳು’ ಎಂಬ ಶೀರ್ಷಿಕೆ ಸಿಗುವುದಿಲ್ಲ, ಏಕೆಂದರೆ ‘ಡು’ ಹೋಗಿ ‘ಡಿ’ ಬಂದಿದೆ. ಕೊನೆಯ ಸ್ವರ ಕಳಚಿ ‘ಕಾಡ*’ ಎಂದು ಹುಡುಕಬೇಕು. ನಾಡು, ಹಾಡು, ಊರು, ನೀರು, ಎಲ್ಲಕ್ಕೂ ಇದೇ ಉಪಾಯ. ಕನ್ನಡ ಶಿಕ್ಷಕರ ಜೊತೆ ಸೇರಿ ವಿಭಕ್ತಿ ಪಾಠವನ್ನೇ ಕ್ಯಾಟಲಾಗ್ ಮುಂದೆ ಕೂತು ಮಾಡಿದರೆ, ವ್ಯಾಕರಣ ಏತಕ್ಕೆ ಎಂಬ ಪ್ರಶ್ನೆ ಮಕ್ಕಳಿಂದ ಬರುವುದಿಲ್ಲ.

ಲೇಖಕರ ಹೆಸರಿಗೂ ಒಂದು ಕಟ್ಟುಪಾಡು ಬೇಕು. ಒಂದು ಪುಸ್ತಕ ‘ಕುವೆಂಪು’ ಎಂದು, ಇನ್ನೊಂದು ‘ಕೆ.ವಿ. ಪುಟ್ಟಪ್ಪ’ ಎಂದು, ಮತ್ತೊಂದು ‘ಪುಟ್ಟಪ್ಪ ಕೆ ವಿ’ ಎಂದು ದಾಖಲಾದರೆ ಒಬ್ಬರೇ ಲೇಖಕರು ಕಪಾಟಿನ ಮೂರು ಕಡೆ ಚದುರಿಹೋಗುತ್ತಾರೆ. ಯಾವ ರೂಪ ಬಳಸುವುದೆಂದು ಒಮ್ಮೆ ತೀರ್ಮಾನಿಸಿ, ಉಳಿದ ರೂಪಗಳಿಂದ ಅದಕ್ಕೆ ‘ಇಲ್ಲಿ ನೋಡಿ’ ಎಂದು ದಾರಿ ತೋರಿಸಬೇಕು. ಒಂದೇ ನೋಟ್‌ಬುಕ್ಕಿನಲ್ಲಿ ಈ ಪಟ್ಟಿ ಇದ್ದರೂ ಆಯಿತು, ಆದರೆ ಇರಲೇಬೇಕು. ಗ್ರಂಥಪಾಲಕರು ಬದಲಾದಾಗ ಮೊದಲು ಹಸ್ತಾಂತರವಾಗಬೇಕಾದ ದಾಖಲೆ ಅದು.

ಕ್ಯಾಟಲಾಗ್ ನಿಂತಮೇಲೆ ಅಂತರ್ಜಾಲ. ಮಕ್ಕಳು ಇಡೀ ಪ್ರಶ್ನೆಯನ್ನೇ ಹುಡುಕುಪೆಟ್ಟಿಗೆಯಲ್ಲಿ ಬರೆದು ಮೊದಲ ಉತ್ತರವನ್ನು ನಕಲಿಳಿಸುತ್ತಾರೆ ಎಂಬ ದೂರು ನಮಗೆಲ್ಲ ಗೊತ್ತು. ಉದ್ಧರಣ ಚಿಹ್ನೆ, ಮೈನಸ್ ಚಿಹ್ನೆ, ಒಂದೇ ತಾಣದೊಳಗೆ ಹುಡುಕುವ ರೀತಿ, ಇವೆಲ್ಲ ಹತ್ತು ನಿಮಿಷದಲ್ಲಿ ಕಲಿಸಬಹುದಾದ ಕೈಚಳಕ. ಸಿಕ್ಕಿದ್ದನ್ನು ನಂಬಬಹುದೇ ಎಂದು ತೂಗುವುದೇ ದೊಡ್ಡ ಕೆಲಸ. ಅಲ್ಲಿಯೇ ಗ್ರಂಥಪಾಲಕರು ನಿಜವಾಗಿ ಬೆಳೆಯುವುದು.

ಬಹುಕಾಲ ನಾವು ಮಕ್ಕಳ ಕೈಗೆ ಒಂದು ಪಟ್ಟಿ ಕೊಡುತ್ತಿದ್ದೆವು: ತಾಣದಲ್ಲಿ ಲೇಖಕರ ಹೆಸರಿದೆಯೇ, ದಿನಾಂಕವಿದೆಯೇ, ಅಚ್ಚುಕಟ್ಟಾಗಿದೆಯೇ, ‘ನಮ್ಮ ಬಗ್ಗೆ’ ಪುಟವಿದೆಯೇ ಎಂದು. ಆ ವಿಧಾನ ಕೈಕೊಡುತ್ತದೆ. ಸುಳ್ಳು ಹರಡುವವರಿಗೂ ಈ ಪಟ್ಟಿ ಗೊತ್ತು. ಎಲ್ಲವನ್ನೂ ಒದಗಿಸಿಯೇ ತಾಣ ಕಟ್ಟುತ್ತಾರೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುವಂಥದ್ದು. ಅವರು 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು ಮತ್ತು 25 ಪದವಿ ವಿದ್ಯಾರ್ಥಿಗಳು ತಾಣಗಳನ್ನು ಹೇಗೆ ತೂಗುತ್ತಾರೆ ಎಂದು ಗಮನಿಸಿದರು. ಇತಿಹಾಸಕಾರರು, ವಿದ್ಯಾರ್ಥಿಗಳು ಹೆಚ್ಚಾಗಿ ತೆರೆದ ಪುಟದಲ್ಲೇ ಮೇಲಿಂದ ಕೆಳಗೆ ಓದುತ್ತ ಉಳಿದರು, ಅಂದವಾದ ಲಾಂಛನಕ್ಕೆ ಮೋಸಹೋದರು. ಸತ್ಯಶೋಧಕರು ಪುಟವನ್ನು ಒಮ್ಮೆ ನೋಡಿ, ಬೇಗನೆ ಅದನ್ನು ಬಿಟ್ಟು, ಬೇರೆ ಟ್ಯಾಬ್‌ಗಳನ್ನು ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡಿದರು. ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ಇದನ್ನು ಅಡ್ಡ ಓದು ಎನ್ನೋಣ.

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಇದನ್ನು ಹೀಗೆ ಮಾಡಬಹುದು. ಹಿಂದಿನ ದಿನವೇ ಗ್ರಂಥಪಾಲಕರು ವಿಜ್ಞಾನ ಅಥವಾ ಸಮಾಜ ಶಿಕ್ಷಕರ ಜೊತೆ ಕೂತು, ಆ ವಾರದ ಪಾಠಕ್ಕೆ ಹೊಂದುವ ಎರಡು ತಾಣಗಳನ್ನು ಆರಿಸಿಡುತ್ತಾರೆ. ಒಂದು ನಂಬಬಹುದಾದದ್ದು, ಇನ್ನೊಂದು ಹಾಗೆ ತೋರುವಂಥದ್ದು. ಮೊದಲ ಐದು ನಿಮಿಷ ಗ್ರಂಥಪಾಲಕರೇ ಪರದೆಯ ಮೇಲೆ ಮಾಡಿ ತೋರಿಸುತ್ತಾರೆ, ಮನಸ್ಸಿನಲ್ಲಿ ಬರುವುದನ್ನು ಬಾಯಿಬಿಟ್ಟು ಹೇಳುತ್ತ: ‘ಈ ಸಂಸ್ಥೆಯ ಹೆಸರು ನನಗೆ ಗೊತ್ತಿಲ್ಲ, ಅದನ್ನು ನಕಲಿಸಿ ಬೇರೆ ಟ್ಯಾಬ್‌ನಲ್ಲಿ ಹುಡುಕುತ್ತೇನೆ, ಇದರದ್ದೇ ತಾಣದ ಫಲಿತಾಂಶಗಳನ್ನು ಬಿಟ್ಟು ಉಳಿದವನ್ನು ನೋಡುತ್ತೇನೆ.’ ಆಮೇಲೆ ಇಪ್ಪತ್ತು ನಿಮಿಷ ನಾಲ್ಕು ನಾಲ್ಕು ಮಕ್ಕಳ ಗುಂಪು. ಒಬ್ಬರು ಕೀಲಿಮಣೆಗೆ, ಒಬ್ಬರು ಬರೆದುಕೊಳ್ಳಲು, ಒಬ್ಬರು ಮುಂದೆ ಏನು ಹುಡುಕಬೇಕೆಂದು ಹೇಳಲು, ಒಬ್ಬರು ‘ಇದಕ್ಕೆ ಆಧಾರವೇನು’ ಎಂದು ಕೇಳಲು. ಐದು ನಿಮಿಷಕ್ಕೊಮ್ಮೆ ಜಾಗ ಬದಲಾಗಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಬಲ್ಲ ಮಗುವಿನ ಕೈಯಲ್ಲೇ ಮೌಸ್ ಉಳಿದುಬಿಡುತ್ತದೆ. ಕೊನೆಯ ಹದಿನೈದು ನಿಮಿಷ ಮಾತುಕತೆಗೆ. ಇದನ್ನು ಕತ್ತರಿಸಬಾರದು. ಎರಡು ಗುಂಪುಗಳು ಒಂದೇ ತಾಣದ ಬಗ್ಗೆ ಬೇರೆ ಬೇರೆ ತೀರ್ಮಾನಕ್ಕೆ ಬಂದಾಗಲೇ ಕಲಿಕೆ ಆಗುವುದು.

ಕೈಕೊಡುವುದು ಎಲ್ಲಿ? ನಲವತ್ತು ಯಂತ್ರಗಳು ಒಟ್ಟಿಗೆ ಒಂದು ಸಣ್ಣ ಸಂಪರ್ಕಕ್ಕೆ ಜೋತುಬಿದ್ದಾಗ. ಅದಕ್ಕೇ ಹತ್ತು ಯಂತ್ರ ಸಾಕು ಎನ್ನುತ್ತೇವೆ. ಎರಡೂ ತಾಣಗಳ ಪುಟಗಳನ್ನು ಮೊದಲೇ ಉಳಿಸಿಟ್ಟಿರಬೇಕು. ಮುಖ್ಯ ಹುಡುಕಾಟಗಳ ಪರದೆಚಿತ್ರಗಳನ್ನು ಮುದ್ರಿಸಿ ಇಟ್ಟುಕೊಂಡಿದ್ದರೆ ವಿದ್ಯುತ್ ಹೋದರೂ ಪಾಠ ನಿಲ್ಲುವುದಿಲ್ಲ. ಇನ್ನೊಂದು ಅಪಾಯ, ಮಕ್ಕಳು ‘ಅಂತರ್ಜಾಲದಲ್ಲಿ ಎಲ್ಲವೂ ಸುಳ್ಳು’ ಎಂಬ ತೀರ್ಮಾನದೊಂದಿಗೆ ಎದ್ದುಹೋಗುವುದು. ನಂಬಬಹುದಾದ ಒಂದು ತಾಣ ಪ್ರತಿ ಪಾಠದಲ್ಲೂ ಇರಲೇಬೇಕೆನ್ನುವುದು ಇದಕ್ಕೇ. ನಂಬುವುದನ್ನೂ ಕಲಿಸಬೇಕಲ್ಲವೇ?

ಚಿತ್ರಗಳಿಗೂ ಇದೇ ರೀತಿ. ಚಿತ್ರವನ್ನೇ ಕೊಟ್ಟು ಹುಡುಕುವ ಟಿನ್‌ಐ 2008ರಿಂದ ಇದೆ, ಗೂಗಲ್‌ನಲ್ಲೂ 2011ರಿಂದ ಇದೆ. ಹಳೆಯ ಪ್ರವಾಹದ ಚಿತ್ರ ಇಂದಿನದೆಂದು ಹರಿದಾಡಿದಾಗ ಅದು ಮೊದಲು ಎಲ್ಲಿ, ಯಾವಾಗ ಬಂದಿತ್ತೆಂದು ಹಿಂದಕ್ಕೆ ಹೋಗಿ ನೋಡಬಹುದು. ಫೋಟೊದ ಒಳಗೆ ಅಡಗಿರುವ ದಿನಾಂಕ, ಕ್ಯಾಮೆರಾ ವಿವರ ನೋಡುವುದನ್ನೂ ಕಲಿಸಬಹುದು, ಆದರೆ ಸಂದೇಶ ಆ್ಯಪ್‌ಗಳ ಮೂಲಕ ಬಂದ ಚಿತ್ರದಲ್ಲಿ ಆ ವಿವರ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ವಿವರ ಇಲ್ಲ ಎಂದಮಾತ್ರಕ್ಕೆ ಚಿತ್ರ ನಕಲಿ ಎನ್ನುವಂತಿಲ್ಲ.

2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಗ್ರಂಥಪಾಲಕರ ಮೇಜಿಗೆ ಹೊಸ ಬಗೆಯ ಚೀಟಿಗಳು ಬರತೊಡಗಿವೆ: ಇಲ್ಲದ ಪುಸ್ತಕಗಳ ಹೆಸರು. ಇಂಥ ಭಾಷಾ ಮಾದರಿಗಳು ಮುಂದಿನ ಪದ ಯಾವುದಿರಬಹುದೆಂದು ಊಹಿಸುತ್ತ ವಾಕ್ಯ ಕಟ್ಟುತ್ತವೆ. ಶೀರ್ಷಿಕೆ, ಲೇಖಕ, ವರ್ಷ ಎಲ್ಲವೂ ಇರಬೇಕಾದಂತೆಯೇ ಇರುತ್ತವೆ, ಪುಸ್ತಕ ಮಾತ್ರ ಇರುವುದಿಲ್ಲ. ಇದನ್ನೇ ಪಾಠ ಮಾಡಿ. ಒಂದು ವಿಷಯದ ಮೇಲೆ ಐದು ಪುಸ್ತಕಗಳ ಹೆಸರನ್ನು ಐಎಸ್‌ಬಿಎನ್ ಸಮೇತ ಕೇಳಿ. ಮಕ್ಕಳು ಮೊದಲು ಕೊನೆಯ ಅಂಕಿಯ ಲೆಕ್ಕ ಹಾಕಲಿ. ಲೆಕ್ಕ ತಪ್ಪಿದರೆ ಸಂಖ್ಯೆ ಖಂಡಿತ ತಪ್ಪು. ಸರಿಬಂದರೆ? ಮನಸ್ಸಿಗೆ ಬಂದಂತೆ ಬರೆದ ಹತ್ತು ಸಂಖ್ಯೆಗಳಲ್ಲಿ ಸರಾಸರಿ ಒಂದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಆದ್ದರಿಂದ ನಿಜವಾದ ಕ್ಯಾಟಲಾಗ್‌ಗಳಲ್ಲಿ ಹುಡುಕಲೇಬೇಕು. ಮೊದಲು ಸ್ವಂತ ಗ್ರಂಥಾಲಯದ್ದು, ಆಮೇಲೆ ದೊಡ್ಡ ಗ್ರಂಥಾಲಯಗಳದ್ದು. ಹಳೆಯ ಪೆನ್ಸಿಲ್ ಪಾಠ ಉಪಯೋಗಕ್ಕೆ ಬರುವ ಇನ್ನೊಂದು ಕಡೆ ಎಂದೆವಲ್ಲ, ಅದು ಇದು. ಮಕ್ಕಳ ಹೆಸರಿನ ಖಾತೆ ಇದಕ್ಕೆ ಬೇಕಿಲ್ಲ, ಗ್ರಂಥಪಾಲಕರ ಒಂದೇ ಪರದೆ ಸಾಕು. ಮಕ್ಕಳ ಬರಹವನ್ನು ‘ಯಂತ್ರ ಬರೆದದ್ದೇ’ ಎಂದು ಪತ್ತೆಹಚ್ಚುವುದಾಗಿ ಹೇಳುವ ತಂತ್ರಾಂಶಗಳನ್ನು ನೆಚ್ಚಿ ಯಾವ ಮಗುವನ್ನೂ ಶಿಕ್ಷಿಸಬೇಡಿ ಎಂದು ಈ ಜಾಗದಲ್ಲೇ ಕೇಳಿಕೊಳ್ಳುತ್ತೇವೆ. ಸ್ವಂತವಾಗಿ ಬರೆದ ಮಕ್ಕಳೂ ಅವುಗಳ ಬಾಯಿಗೆ ಸಿಕ್ಕಿಬೀಳುತ್ತಾರೆ. ಕರಡುಗಳನ್ನು ನೋಡುವುದು, ಎದುರು ಕೂರಿಸಿಕೊಂಡು ಐದು ನಿಮಿಷ ಮಾತಾಡುವುದು ಅದಕ್ಕಿಂತ ಎಷ್ಟೋ ವಾಸಿ.

ಖಾತೆಗಳ ವಿಷಯ ಬಂದಿದ್ದರಿಂದ ಮಕ್ಕಳ ಮಾಹಿತಿಯ ಬಗ್ಗೆ ಒಂದು ಮಾತು. ಅಮೆರಿಕದ 1998ರ ಕಾನೂನೊಂದು 13 ವರ್ಷದೊಳಗಿನವರ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅನೇಕ ಸೇವೆಗಳ ನಿಬಂಧನೆಯಲ್ಲಿ 13ರ ಮಿತಿ ಕಾಣುವುದು ಅದರಿಂದ. ನಿಮ್ಮ ಕಡೆಯ ಕಾನೂನು ಇನ್ನೂ ಬಿಗಿಯಾಗಿರಬಹುದು, ಅದನ್ನು ಓದಿ ಲಿಖಿತವಾಗಿ ತಿಳಿಸುವ ಹೊಣೆ ನಿಮ್ಮದು, ಗ್ರಂಥಪಾಲಕರದ್ದಲ್ಲ. ಪೂರ್ಣ ಹೆಸರು, ಜನ್ಮದಿನಾಂಕ ಕೇಳುವ ಆ್ಯಪ್ ಬೇಡ. ಯಾವ ಮಗು ಯಾವ ಪುಸ್ತಕ ಓದಿತೆಂಬ ಹಳೆಯ ಎರವಲು ದಾಖಲೆಯನ್ನು ಪುಸ್ತಕ ವಾಪಸ್ ಬಂದಮೇಲೆ ಹೆಸರಿನಿಂದ ಬಿಡಿಸಬೇಕು. ಕೋಹಾದಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಮನೆಯಲ್ಲಿ ಹೇಳಿಕೊಳ್ಳಲಾಗದ ಕಷ್ಟದ ಬಗ್ಗೆ ಪುಸ್ತಕ ಹುಡುಕುವ ಮಗು ಗ್ರಂಥಾಲಯವನ್ನು ನಂಬಿ ಬರುತ್ತದೆ. ಅದರ ಓದಿನ ಪಟ್ಟಿ ಇನ್ನೊಬ್ಬರ ಕಣ್ಣಿಗೆ ಬೀಳಬಾರದು.

ಇ-ಪುಸ್ತಕಗಳಲ್ಲಿ ಎಲ್ಲರೂ ಪಿಡಿಎಫ್ ಹಂಚುತ್ತಾರೆ. ಫೋನಿನ ಸಣ್ಣ ಪರದೆಯಲ್ಲಿ ಪಿಡಿಎಫ್ ಅನ್ನು ಅತ್ತಿತ್ತ ಸರಿಸುತ್ತಲೇ ಓದಬೇಕು. ಇಪಬ್ ಎಂಬ ಇ-ಪುಸ್ತಕ ರೂಪವಾದರೆ ಅಕ್ಷರ ದೊಡ್ಡದು ಮಾಡಿದಂತೆ ಸಾಲು ತಾನೇ ಹೊಂದಿಕೊಳ್ಳುತ್ತದೆ. ಬರೀ ಸ್ಕ್ಯಾನ್ ಮಾಡಿದ ಪಿಡಿಎಫ್ ದೃಷ್ಟಿದೋಷವಿರುವ ಮಗುವಿನ ಓದುಗ ತಂತ್ರಾಂಶಕ್ಕೆ ಒಂದು ಚಿತ್ರ ಅಷ್ಟೇ, ಅದರಿಂದ ಒಂದಕ್ಷರವೂ ಕೇಳಿಸುವುದಿಲ್ಲ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿ, ಟೆಸೆರಾಕ್ಟ್‌ನಂಥ ಮುಕ್ತ ಒಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶದಿಂದ ಪಠ್ಯ ತೆಗೆಯಬಹುದು. ಅದಕ್ಕೆ ಕನ್ನಡ ಬರುತ್ತದೆ, ಆದರೆ ಒತ್ತಕ್ಷರಗಳಲ್ಲಿ ತಪ್ಪುತ್ತದೆ, ಕರಡಚ್ಚು ತಿದ್ದಿದಂತೆ ತಿದ್ದಬೇಕು. ಹಕ್ಕುಸ್ವಾಮ್ಯವಿರುವ ಇಡೀ ಪುಸ್ತಕ ಸ್ಕ್ಯಾನ್ ಮಾಡಿ ತರಗತಿಯ ಗುಂಪಿಗೆ ಹಾಕುವುದು ತಪ್ಪು. ಅದರ ಅಗತ್ಯವೂ ಇಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಮಕ್ಕಳ ಕಥೆಗಳು ಕನ್ನಡದಲ್ಲೂ ಇವೆ. ಮಕ್ಕಳೇ ಅನುವಾದ ಮಾಡಬಹುದು, ಶೀರ್ಷಿಕೆ, ಲೇಖಕರು, ಮೂಲ, ಪರವಾನಗಿ ಈ ನಾಲ್ಕನ್ನೂ ಬರೆದು, ಇದು ಅನುವಾದವೆಂದು ತಿಳಿಸಿದರೆ ಸಾಕು.

ಸಂಪರ್ಕವೇ ಇಲ್ಲದ ಶಾಲೆಗೆ ಕಿವಿಕ್ಸ್ ಇದೆ. ವಿಕಿಪೀಡಿಯವನ್ನು ಒಂದೇ ಕಡತವಾಗಿ ಇಳಿಸಿಕೊಂಡು ಸಂಪರ್ಕವಿಲ್ಲದೆ ಓದಬಹುದು. ಚಿತ್ರಗಳ ಸಮೇತ ಇಂಗ್ಲಿಷ್ ವಿಕಿಪೀಡಿಯ ಸುಮಾರು 100 ಜಿಬಿ ಹಿಡಿಯುತ್ತದೆ, ಕನ್ನಡದ್ದು ಅದರ ಮುಂದೆ ಬಹಳ ಚಿಕ್ಕದು. ನಕಲಿಸುವಾಗ ಪೆನ್‌ಡ್ರೈವ್‌ನಲ್ಲಿ ಜಾಗವಿದ್ದರೂ ‘ಕಡತ ತುಂಬಾ ದೊಡ್ಡದು’ ಎಂದು ನಿಂತರೆ ಡ್ರೈವ್ ಕೆಟ್ಟಿಲ್ಲ. ಡ್ರೈವ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಫ್ಯಾಟ್32 ವಿನ್ಯಾಸ 4 ಜಿಬಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಬದಲಿಸಿ.

ಹಾಗೆಯೇ ಬ್ಯಾಕಪ್. ಕೋಹಾದ ಸಿದ್ಧ ಪ್ಯಾಕೇಜ್ ದಿನವೂ ತಾನೇ ಒಂದು ನಕಲು ತೆಗೆಯುತ್ತದೆ, ಆದರೆ ಅದೇ ಯಂತ್ರದಲ್ಲಿ. ಡಿಸ್ಕ್ ಹೋದರೆ ಎರಡೂ ಹೋದವು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ. ವರ್ಷಕ್ಕೆ ಎರಡು ಸಲವಾದರೂ ಬ್ಯಾಕಪ್‌ನಿಂದ ಮರಳಿ ತೆರೆದು ನೋಡಬೇಕು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಇಷ್ಟನ್ನೂ ಒಬ್ಬರು ಒಂದೇ ವರ್ಷದಲ್ಲಿ ಮಾಡಲಾರರು, ಮಾಡಬೇಕಾಗಿಯೂ ಇಲ್ಲ. ಮೊದಲ ವರ್ಷ ಕ್ಯಾಟಲಾಗ್ ಮತ್ತು ಕನ್ನಡ ಹುಡುಕಾಟ. ಎರಡನೆಯ ವರ್ಷ ಒಬ್ಬ ವಿಷಯ ಶಿಕ್ಷಕರ ಜೊತೆ, ಒಂದು ತರಗತಿಗೆ, ಅಡ್ಡ ಓದು. ಮೂರನೆಯ ವರ್ಷ ಮಕ್ಕಳು ತಾವೇ ಏನಾದರೂ ಮಾಡಿ ಪ್ರಕಟಿಸುವುದು. ಒಂದು ಶೈಕ್ಷಣಿಕ ಅವಧಿಗೆ ಒಂದೇ ಹೊಸ ಸಾಧನ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆಂಬುದು. ಹೊಸ ಆ್ಯಪ್ ಕೊಳ್ಳುವ ಮುನ್ನ ಇದೊಂದೇ ಪ್ರಶ್ನೆ ಕೇಳಿ: ಇದರಿಂದ ಯಾವ ಮಗುವಿನ ಎಷ್ಟು ನಿಮಿಷ ಉಳಿಯುತ್ತದೆ? ಉತ್ತರ ಬರದಿದ್ದರೆ ಆ ಹಣದಲ್ಲಿ ಪುಸ್ತಕ ತನ್ನಿ.

ಗ್ರಂಥಪಾಲಕರ ಬೆಳವಣಿಗೆಯನ್ನು ಅಳೆಯುವಾಗ ಎಷ್ಟು ಕಾರ್ಯಾಗಾರಕ್ಕೆ ಹೋದರು ಎಂದು ಕೇಳಬೇಡಿ. ಒಂದು ದಿನಚರಿ ಇಡಲು ಹೇಳಿ. ಪ್ರತಿ ಪೀರಿಯಡ್‌ಗೆ ನಾಲ್ಕು ಸಾಲು: ಮಕ್ಕಳ ಪ್ರಶ್ನೆ ಏನಿತ್ತು, ಯಾವ ಸಾಧನ ಬಳಸಿದೆವು, ಎಲ್ಲಿ ಕೆಟ್ಟಿತು, ಮುಂದಿನ ವಾರ ಏನು ಬದಲಿಸುತ್ತೇವೆ. ಮೂರನೆಯ ಸಾಲು ಖಾಲಿ ಇರುವ ದಿನಚರಿಯನ್ನು ಸಂಶಯದಿಂದ ನೋಡಿ, ತುಂಬಿರುವುದನ್ನು ಮೆಚ್ಚಿ. ಕೆಟ್ಟದ್ದನ್ನು ಬರೆದರೆ ಬೈಸಿಕೊಳ್ಳಬೇಕಾಗುತ್ತದೆ ಎಂಬ ಭಯ ಇರುವ ಕಡೆ ಯಾರೂ ಹೊಸದನ್ನು ಮುಟ್ಟುವುದಿಲ್ಲ.

ನಮ್ಮ ಕೋರಿಕೆಗಳು ಇವು. ವಾರಕ್ಕೆ ಎರಡು ಪೀರಿಯಡ್ ಗ್ರಂಥಪಾಲಕರು ಮತ್ತು ಒಬ್ಬ ವಿಷಯ ಶಿಕ್ಷಕರು ಒಟ್ಟಾಗಿ ಮಾಡುವಂತೆ ವೇಳಾಪಟ್ಟಿಯಲ್ಲಿ ನಮೂದಾಗಲಿ, ಬದಲಿ ತರಗತಿಗೆ ಅದನ್ನು ಕಸಿಯದಿರಲಿ. ಅವರಿಬ್ಬರೂ ಕೂತು ಯೋಜಿಸಲು ವಾರಕ್ಕೆ ಇನ್ನೊಂದು ಬಿಡುವಿನ ಪೀರಿಯಡ್ ಒಂದೇ ಹೊತ್ತಿಗೆ ಬರಲಿ, ಬೇರೆ ಬೇರೆ ಹೊತ್ತಿಗೆ ಬಂದರೆ ಅದರಿಂದ ಉಪಯೋಗವಿಲ್ಲ. ಗ್ರಂಥಾಲಯದ ಯಂತ್ರಗಳ ನಿರ್ವಾಹಕ ಪಾಸ್‌ವರ್ಡ್ ಗ್ರಂಥಪಾಲಕರ ಕೈಯಲ್ಲಿರಲಿ, ಒಂದು ಪ್ರತಿ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಬಳಿ ಇರಲಿ. ಫಾಂಟ್ ಒಂದನ್ನು ಹಾಕಲು ಹದಿನೈದು ದಿನ ತಂತ್ರಜ್ಞರಿಗೆ ಕಾಯಬೇಕಾದ ಕಡೆ ಪಾಠ ಯೋಜಿಸುವುದು ಹೇಗೆ? ಒಂದು ದಿನದ ತರಬೇತಿಯ ಬದಲು ಆರು ಅರ್ಧ ದಿನಗಳ ತರಬೇತಿಯನ್ನು ವರ್ಷವಿಡೀ ಹರಡಿ. ಪ್ರತಿ ಸಲ ಹಿಂದಿನ ಸಲದ ದಿನಚರಿ ತಂದು, ಕೆಟ್ಟದ್ದನ್ನು ಅಕ್ಕಪಕ್ಕದ ಶಾಲೆಯವರೊಂದಿಗೆ ಕೂತು ಬಗೆಹರಿಸಿಕೊಳ್ಳಲು ಅವಕಾಶವಿರಲಿ.

ಮುಂದಿನ ವರ್ಷದ ವೇಳಾಪಟ್ಟಿ ಹಾಕಲು ಕೂರುವಾಗ ಎಲ್ಲ ವಿಷಯಗಳನ್ನೂ ತುಂಬಿದ ಮೇಲೆ ಉಳಿದ ಜಾಗದಲ್ಲಿ ‘ಲೈಬ್ರರಿ’ ಎಂದು ಬರೆಯುವುದು ರೂಢಿ. ಈ ಸಲ ಆ ಎರಡು ಚೌಕಗಳನ್ನು ಮೊದಲೇ ತುಂಬಿ, ಪಕ್ಕದಲ್ಲಿ ವಿಷಯ ಶಿಕ್ಷಕರ ಹೆಸರನ್ನೂ ಬರೆಯಿರಿ.

ವಂದನೆಗಳೊಂದಿಗೆ,
ಶಾಲಾ ಗ್ರಂಥಾಲಯಗಳ ಕೆಲಸದಲ್ಲಿರುವ ಗ್ರಂಥಪಾಲಕರು